ನೀಲಿ ಪುಸ್ತಕದ ಒಂದು ಹಾಳೆ

ಹೊಲಿಗೆಯವಳು ಆಸ್ಪತ್ರೆಯ ಮಂಚದ ಮೇಲೆ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ಬಿಳಿ ಪಟ್ಟಿ ಸುತ್ತಿದ್ದ ಬಲಗೈಯನ್ನು ಇನ್ಯಾರದೋ ಸಾಮಾನಿನ ಹಾಗೆ ನೋಡುತ್ತ, "ಅಕ್ಕಾ, ಆ ರೂಮಿನ ವಿಳಾಸ ನಿಮ್ಮ ಫೋನಿಗೆ ಬಿಟ್ರೆ ಇನ್ಯಾರಿಗೂ ಹೇಳಿರ್ಲಿಲ್ಲ. ನಮ್ಮಮ್ಮಂಗೂ ಹೇಳಿರ್ಲಿಲ್ಲ," ಅಂದಳು. ಅಷ್ಟೆ.

ಅಕ್ಕ ಅವಳ ಹೊದಿಕೆ ಸರಿಪಡಿಸಿ ಎದ್ದಳು. ಹದಿನೆಂಟು ವರ್ಷದಿಂದ ಫೋನಿನಲ್ಲಿ ಉತ್ತರ ಹೇಳುವುದೇ ಅವಳ ಕೆಲಸ. ಉಚಿತ ಕಾನೂನು ಸಹಾಯವಾಣಿ ಎಂದರೆ ಊರಿನವರಿಗೆ ಮೂರನೇ ಮಹಡಿಯ ಆ ಒಂದು ಕೋಣೆ, ಒಂದು ಸ್ಟೀಲು ಬೀರು, ಎರಡು ಮೇಜು, ಮತ್ತೆ ಅಕ್ಕ. ವಕೀಲರು, ನಿವೃತ್ತರು, ಕಾನೂನು ಓದುವ ಹುಡುಗಿಯರು ಸರದಿಯ ಮೇಲೆ ಬಂದು ಸಂಬಳವಿಲ್ಲದೆ ಕೂತು ಹೋಗುತ್ತಿದ್ದರು. ಬಂದವರು ಬರುತ್ತಿದ್ದರು, ಬೇಸರವಾದವರು ಬಿಡುತ್ತಿದ್ದರು. ಬಿಡಲಾರದವಳು ಅವಳೊಬ್ಬಳೇ. ಮನೆಯಲ್ಲಿ ತಂಗಿ ಊಟಕ್ಕೆ ಕರೆದರೂ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು "ಹೇಳಿ, ಏನಾಗ್ಬೇಕಿತ್ತು?" ತಂಗಿ ಮೊದಮೊದಲು ನಗುತ್ತಿದ್ದಳು. ಈಗ ತಟ್ಟೆ ಇಟ್ಟು ಸುಮ್ಮನೆ ಹೋಗುತ್ತಾಳೆ.

ಸಹಾಯವಾಣಿಗೆ ಇದ್ದ ನಿಯಮಗಳಲ್ಲಿ ಎರಡು ಮಾತ್ರ ನಿಜವಾಗಿ ನಿಯಮಗಳು. ಮೊದಲನೆಯದು, ಯಾರು ಫೋನು ಮಾಡಿದರು ಎಂಬುದನ್ನು ಯಾರಿಗೂ ಹೇಳಬಾರದು. ಎರಡನೆಯದು ನೀಲಿ ಪುಸ್ತಕ. ಮನೆ ಬಿಟ್ಟು ಬಂದು ಎಲ್ಲಿಯೋ ಅಡಗಿರುವ ಹೆಂಗಸರ ವಿಳಾಸ ಅದರಲ್ಲಿರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಕರೆ ತೆಗೆದುಕೊಂಡವರು ತಮ್ಮ ಕೈಯಾರೆ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಹೆಂಗಸಿಗೆ ಒಂದು ನೆಲೆ ಸಿಕ್ಕಿದ ಮೇಲೆ ಆ ಹಾಳೆಯನ್ನು ಹರಿದು ಚೂರು ಮಾಡಬೇಕು.

ಹೊಲಿಗೆಯವಳ ಕರೆ ತೆಗೆದುಕೊಂಡವನು ಮಂಗಳವಾರದ ವಕೀಲ. ಮಂಗಳವಾರ ಅವನ ಸರದಿಯಾದ್ದರಿಂದ ಉಳಿದವರು ಅವನನ್ನು ಹಾಗೇ ಕರೆಯುತ್ತಿದ್ದರು. ಮೃದು ಮಾತು, ಇಸ್ತ್ರಿ ಮುರಿಯದ ಅಂಗಿ. ಅವನು ವಿಳಾಸ ಬರೆದುಕೊಂಡ ಹನ್ನೊಂದನೇ ದಿನ ಅವಳ ಗಂಡ, ಲಾರಿ ಟೈರಿನ ವ್ಯಾಪಾರಿ, ಆ ಕೋಣೆಯ ಬಾಗಿಲಿಗೆ ನೇರವಾಗಿ ಬಂದು ನಿಂತ. ಯಾರನ್ನೂ ದಾರಿ ಕೇಳಲಿಲ್ಲ. ಅವಳ ಕೈಯನ್ನು ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಹಾಕಿದ. ಎರಡು ಸಲ. ಹೊಲಿಗೆಯವಳ ಬಲಗೈ ಅದು.

ಮುಂದಿನ ವಾರ ಮಂಗಳವಾರದ ವಕೀಲ ಸಹಾಯವಾಣಿಗೆ ರಾಜೀನಾಮೆ ಕೊಟ್ಟ. ಅದರ ಮುಂದಿನ ವಾರ ಟೈರಿನ ವ್ಯಾಪಾರಿಯ ಪರವಾಗಿ ವಕಾಲತ್ತು ಹಾಕಿದ.

ಅಕ್ಕ ಸಹಾಯವಾಣಿ ನಡೆಸುವ ಸಮಿತಿಯ ಅಧ್ಯಕ್ಷರ ಹತ್ತಿರ ಹೋದಳು. ಅವರು ನಿವೃತ್ತ ಪ್ರಾಂಶುಪಾಲರು. ಒಳ್ಳೆಯವರು, ಗಲಾಟೆಯೆಂದರೆ ಆಗದವರು.

"ಅವರು ಆಮೇಲೆ ಕೇಸು ತಗೊಂಡಿರಬಹುದಲ್ಲಮ್ಮಾ. ಕಕ್ಷಿದಾರ ಅಂತ ಬಂದವರನ್ನ ವಕೀಲರು ಬೇಡ ಅನ್ನೋಕಾಗುತ್ತಾ?"

"ವಿಳಾಸ ಗೊತ್ತಿದ್ದಿದ್ದು ಅವರಿಗೂ ನನಗೂ ಮಾತ್ರ ಸಾರ್. ನಾನಂತೂ ಹೇಳಿಲ್ಲ."

"ಒಪ್ಪಿದೆ. ಆದ್ರೆ ಸಾಕ್ಷಿ ಇದೆಯಾ?"

ದಿನಕ್ಕೆ ಇಪ್ಪತ್ತು ಸಲ ಅವಳೇ ಬೇರೆಯವರಿಗೆ ಹೇಳುವ ಮಾತು ಅದು. ಹೊಡೆದದ್ದಕ್ಕೆ ಸಾಕ್ಷಿ ಇದೆಯಾ, ಕೆಲಸದಿಂದ ತೆಗೆದದ್ದಕ್ಕೆ ಕಾಗದ ಇದೆಯಾ, ಇಟ್ಟುಕೊಳ್ಳಿ, ಜೋಪಾನವಾಗಿ ಇಟ್ಟುಕೊಳ್ಳಿ. ಆ ಮಾತು ಇನ್ನೊಬ್ಬರ ಬಾಯಲ್ಲಿ ಎಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೂರು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕೂತಳು. ಕೋಪ ಬರಲಿಲ್ಲ, ಕೋಪಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಬೀರು ತೆಗೆದು ನೀಲಿ ಪುಸ್ತಕದಲ್ಲಿ ಹೊಲಿಗೆಯವಳ ಹಾಳೆಯನ್ನು ನೋಡಿದಳು. ವಕೀಲನ ದುಂಡು ಅಕ್ಷರ, ಅವನ ರುಜು, ದಿನಾಂಕ. ಹಾಳೆಯ ಅಂಚಿನಲ್ಲಿ ಅವನ ಹೆಬ್ಬೆರಳಿನ ಮಸಿ.

ಸಾಕ್ಷಿ ಇತ್ತು. ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೆ.

ಆ ಯೋಚನೆ ಬಂದ ದಿನ ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು. ಮಾರನೇ ದಿನ ಅದು ಮತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕೂತ ಹಾಗಾಯಿತು. ಮೂರನೇ ದಿನ ಅವಳು ಅದರ ಜೊತೆ ಮಾತಿಗಿಳಿದಳು. ಈ ಹಾಳೆ ಟೈರಿನ ವ್ಯಾಪಾರಿಯ ಫೈಲಿನೊಳಗೆ, ವಕೀಲನ ಕಚೇರಿಯಲ್ಲಿ ಸಿಕ್ಕಿದರೆ? ಅಕ್ಷರ ಅವನದೇ, ಬೆರಳ ಗುರುತು ಅವನದೇ, ಮಾಡಿದ ತಪ್ಪೂ ಅವನದೇ. ಸುಳ್ಳು ಎಂದರೆ ಹಾಳೆ ನಡೆದುಹೋದ ಏಳು ನಿಮಿಷದ ದಾರಿ ಮಾತ್ರ. ಹದಿನೆಂಟು ವರ್ಷದಲ್ಲಿ ಸಿಕ್ಕಿಬಿದ್ದವರ ಕತೆಗಳನ್ನು ಅವಳು ಸಾವಿರಗಟ್ಟಲೆ ಕೇಳಿದ್ದಳು. ಅವರೆಲ್ಲ ಸಿಕ್ಕಿಬಿದ್ದದ್ದು ಅತಿಯಾಗಿ ಸುಳ್ಳು ಹೇಳಿ. ಅವಳು ಹೇಳಬೇಕಾದದ್ದು ಒಂದೇ ಒಂದು.

ವಕೀಲನ ಕಚೇರಿ ಹಿಂದಿನ ಬೀದಿಯ ಓಣಿಯಲ್ಲಿತ್ತು. ನಾಲ್ಕು ವರ್ಷದ ಹಿಂದೆ ಈ ಕಟ್ಟಡಕ್ಕೆ ರಿಪೇರಿ ನಡೆದಾಗ ಸಹಾಯವಾಣಿ ಎಂಟು ತಿಂಗಳು ಅವನ ಮುಂದಿನ ಕೋಣೆಯಲ್ಲೇ ಇತ್ತು. ಖಾಲಿ ಮಾಡುವಾಗ ಅಕ್ಕ ಎರಡು ಬೀಗದಕೈ ವಾಪಸು ಕೊಟ್ಟು ಅವನ ಗುಮಾಸ್ತನಿಂದ ರಸೀತಿ ಬರೆಸಿಕೊಂಡಿದ್ದಳು. ಮೂರನೆಯದು ಹಳೆಯ ಕೈಚೀಲದ ಹರಿದ ಒಳಪದರಿನಲ್ಲಿ ಎರಡು ವರ್ಷ ಕಳೆದ ಮೇಲೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವಷ್ಟು ದೊಡ್ಡ ವಿಷಯ ಎಂದು ಆಗ ಅನ್ನಿಸಿರಲಿಲ್ಲ. ಅಲ್ಲಿ ಫೈಲುಗಳನ್ನು ಹೇಗೆ ಜೋಡಿಸುತ್ತಾರೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಶನಿವಾರ ಗುಮಾಸ್ತ ಎರಡೂವರೆಗೆ ಹೊರಡುತ್ತಾನೆ. ವಕೀಲ ಮೂರಕ್ಕೆ ಕ್ಲಬ್ಬಿಗೆ ಷಟಲ್ ಆಡಲು ಹೋದರೆ ಐದರವರೆಗೆ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಎರಡರಿಂದ ಐದು ಅಕ್ಕನ ಸರದಿ, ಒಬ್ಬಳೇ. ಅವತ್ತು ಸಲಹೆ ಫೋನಿನಲ್ಲಿ ಮಾತ್ರ; ಜನರನ್ನು ನೋಡುವುದು ವಾರದ ಉಳಿದ ದಿನ. ಕೆಳಗಿನ ಜೆರಾಕ್ಸ್ ಅಂಗಡಿಯೂ ಒಂದಕ್ಕೇ ಬಾಗಿಲು ಹಾಕುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಫೋನು. ಸಹಾಯವಾಣಿಯ ಫೋನು ಎಂದರೆ ಜನ ಮೇಜಿಗೆ ಅಂಟಿಕೊಂಡ ಹಳೇ ಕಾಲದ ಫೋನನ್ನು ಕಲ್ಪಿಸಿಕೊಳ್ಳುತ್ತಾರೆ. ಅದು ಬರೀ ಗುಂಡಿಯಿರುವ ಒಂದು ಸಾದಾ ಮೊಬೈಲು. ವರ್ಷಗಟ್ಟಲೆ ಚಾರ್ಜರಿನ ಬಾಲ ಹಿಡಿದು ಒಂದೇ ಕಡೆ ಬಿದ್ದಿದ್ದರಿಂದ ಅದನ್ನು ಎತ್ತಿಕೊಂಡು ಹೋಗಬಹುದು ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಅವಳು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ಬಂದ ಕರೆಗಳಿಗೆ ಉತ್ತರ ಹೇಳುತ್ತಾಳೆ, ಚೀಟಿಯಲ್ಲಿ ಗುರುತು ಹಾಕಿಕೊಂಡು ವಾಪಸು ಬಂದು ರಿಜಿಸ್ಟರಿಗೆ ಏರಿಸುತ್ತಾಳೆ. ಪೊಲೀಸರು ಟವರ್ ನೋಡುತ್ತಾರೆ ಎಂಬುದು ಅವಳಿಗೆ ಗೊತ್ತು. ನೋಡಲಿ, ಎರಡೂ ಬೀದಿಗೆ ಒಂದೇ ಟವರ್. ರಸ್ತೆಯ ಹಾರನ್ ಕೇಳಿಸಿದರೆ ಕೇಳಿಸಲಿ, ಅವಳ ಕಿಟಕಿಯ ಕೆಳಗೂ ಅದೇ ಹಾರನ್. ಪರ ಊರಿಗೆ ಹೋಗಿದ್ದೆ, ನೆಂಟರ ಮನೆಯಲ್ಲಿದ್ದೆ ಎನ್ನುವವರು ಸುಳ್ಳಿಗೆ ನೆಂಟರನ್ನು ಸಿದ್ಧ ಮಾಡಬೇಕು. ಅವಳಿಗಾದರೆ ಪರಿಚಯವೇ ಇಲ್ಲದ ಜನ, ಕೇಳದೆಯೇ, ಅವಳು ಕೂತಲ್ಲೇ ಕೂತಿದ್ದಳು ಎಂದು ಸಾಕ್ಷಿ ಹೇಳುತ್ತಾರೆ.

ಶನಿವಾರ ಮೂರು ಗಂಟೆ ಐದು ನಿಮಿಷಕ್ಕೆ, ನೀಲಿ ಪುಸ್ತಕದಿಂದ ಬಿಡಿಸಿದ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಅವಳು ಹೊರಟಳು. ಒಳಗೆ ಬೀರು ಇದ್ದದ್ದರಿಂದ ಬಾಗಿಲಿಗೆ ಬೀಗ ಹಾಕಿ, ಎಂದಿನಂತೆ ಒಮ್ಮೆ ಎಳೆದು ನೋಡಿದಳು. ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದಳು. ಹೊಡೆದುಕೊಳ್ಳಲಿಲ್ಲ. ಮಂಡಿ ನೋಯುತ್ತಿತ್ತು, ಎಂದಿನ ಹಾಗೆ.

ಓಣಿಯ ತಿರುವಿನಲ್ಲಿ ಮೊದಲ ಕರೆ. ಗ್ಯಾರೇಜಿನ ಕೆಲಸದವನು, ನೋಟೀಸು ಕೊಡದೆ ಕೆಲಸದಿಂದ ತೆಗೆದಿದ್ದಾರಂತೆ. ನಡೆಯುತ್ತಲೇ ಹೇಳಿದಳು: ಹಾಜರಿ ಕಾರ್ಡು ಇದ್ದರೆ ನಕಲು ಮಾಡಿಸಿಟ್ಟುಕೊಳ್ಳಿ, ಜಗಳ ಆಡಬೇಡಿ, ಅರ್ಜಿ ಹೀಗೆ ಬರೆಯಿರಿ. ಎರಡನೆಯ ಕರೆ ಬಂದಾಗ ಅವಳು ವಕೀಲನ ಕಚೇರಿಯೊಳಗಿದ್ದಳು. ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಕರವಸ್ತ್ರದಲ್ಲಿ ಕಬ್ಬಿಣದ ಕಪಾಟಿನ ಹಿಡಿ ತಿರುಗಿಸುತ್ತ, ಒಬ್ಬ ತಾಯಿಗೆ, ಅಪ್ಪನ ರುಜು ಇಲ್ಲದೆಯೂ ಮಗುವನ್ನು ಶಾಲೆಗೆ ಸೇರಿಸಬಹುದು ಎಂದು ವಿವರಿಸಿದಳು. "ಹೆದರ್ಕೋಬೇಡಮ್ಮಾ. ಹೆಡ್‌ಮಾಸ್ಟರು ಆಗಲ್ಲ ಅಂದ್ರೆ ಬರಹದಲ್ಲಿ ಕೊಡಿ ಅನ್ನು. ಬರಹ ಅಂದ ತಕ್ಷಣ ಆಗೋಗುತ್ತೆ." ಹೇಳುತ್ತಿದ್ದಂತೆಯೇ ಟೈರಿನ ವ್ಯಾಪಾರಿಯ ಫೈಲು ಕೈಗೆ ಬಂತು. ಹಾಳೆಯನ್ನು ಹಿಂದಿನ ರಟ್ಟಿನ ಜೇಬಿನೊಳಗೆ ಇಳಿಸಿದಳು. ಮಾಡಬೇಕಾದ ಕೆಲಸ ಅಷ್ಟೇ ಇತ್ತು. ಒಂದು ಕ್ಷಣ, ಇಷ್ಟಕ್ಕೇ ಇಷ್ಟು ದಿನ ನಿದ್ದೆಗೆಟ್ಟೆನಾ ಅನ್ನಿಸಿತು.

ಕಪಾಟು ಮುಚ್ಚುವಾಗ ಮೂರನೆಯ ಕರೆ. ಮೂರು ಗಂಟೆ ಇಪ್ಪತ್ತು.

"ತಾಯೀ, ಕಾನೂನು ಸಹಾಯದವರಾ?" ಮುದುಕನ ದನಿ; ಉಸಿರು ಹತ್ತಿ ಇಳಿಯುತ್ತಿತ್ತು. ಮುದುಕರಿಗೆ ಫೋನೆಂದರೆ ಯಾಕೋ ಗಾಬರಿ.

"ಹೌದು ಅಪ್ಪಾ. ನಿಧಾನವಾಗಿ ಹೇಳಿ."

ಬಾಡಿಗೆ ಮನೆ ಬಿಡಲು ಮಾಲೀಕ ನೋಟೀಸು ಕಳಿಸಿದ್ದಾನೆ. ಇಪ್ಪತ್ತಾರು ವರ್ಷದಿಂದ ಇದ್ದ ಮನೆ. ಕಾಗದದಲ್ಲಿ ಏನಿದೆಯೋ ತಿಳಿಯುತ್ತಿಲ್ಲ, ಕೈಯಲ್ಲೇ ಇದೆ, ಯಾರಾದರೂ ಓದಿ ಹೇಳಬೇಕು. ಅವಳು ಅಲ್ಲಿ ನಿಂತು ಓದಿಸಿಕೊಳ್ಳುವ ಹಾಗಿರಲಿಲ್ಲ. ಆದರೂ ಕರೆ ಕತ್ತರಿಸಲು ಮನಸ್ಸು ಬರಲಿಲ್ಲ. ಯಾವ ನೋಟೀಸಾದರೂ ನಾಳೆಯೇ ಯಾರೂ ಬೀದಿಗೆ ತಳ್ಳುವ ಹಾಗಿಲ್ಲ ಎಂದು ಐದು ನಿಮಿಷ ಸಮಾಧಾನ ಹೇಳಿದಳು.

"ನೀವು ಈಗ ಆಫೀಸಲ್ಲೇ ಇದೀರಾ ತಾಯಿ?"

"ಇಲ್ಲೇ ಇದೀನಿ ಅಪ್ಪಾ. ಐದು ಗಂಟೆವರೆಗೂ ಈ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ."

"ಹಂಗಾದ್ರೆ ಒಂದು ಗಳಿಗೆ ಈ ಕಾಗದ…"

"ಇವತ್ತು ಬೇಡ. ಫೋನು ಬಿಡೋಕಾಗಲ್ಲ ನೋಡಿ. ಸೋಮವಾರ ನಮ್ಮ ರಿಟೈರ್ಡ್ ಟೀಚರಮ್ಮನ ಸರದಿ, ಅವರು ಓದಿ ಉತ್ತರಾನೂ ಬರ್ಕೊಡ್ತಾರೆ."

"ಸರಿ ಬಿಡಿ. ಸೋಮವಾರ ಮತ್ತೆ ಹತ್ತಿ ಬರ್ತೀನಿ. ನಿಮ್ಮಿಂದ ಉಪಕಾರ ಆಯ್ತು."

ಅವಳು ಚೀಟಿಯಲ್ಲಿ ಬರೆದುಕೊಂಡಳು: ಬಾಡಿಗೆ, ನೋಟೀಸು, ಸೋಮವಾರ. ಬಾಗಿಲು ಹಾಕಿ ಹೊರಗೆ ಬಂದಳು. ಬಂದ ದಾರಿಯಲ್ಲೇ ಮರಳಬಾರದು ಎಂದು ಮೊದಲೇ ತೀರ್ಮಾನಿಸಿದ್ದಳು. ಮಾರುಕಟ್ಟೆಯ ಕಡೆಯಿಂದ ಸುತ್ತು ಹಾಕಿ, ಚರಂಡಿಯ ಕಲ್ಲುಚಪ್ಪಡಿಯ ಸಂದಿನಲ್ಲಿ ಬೀಗದಕೈಯನ್ನು ಬಿಟ್ಟು, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ತನ್ನ ಕುರ್ಚಿಗೆ ಬಂದಳು. ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಐದರವರೆಗೆ ಇನ್ನೂ ನಾಲ್ಕು ಕರೆ ಬಂದವು. ಎಲ್ಲಕ್ಕೂ ಉತ್ತರ ಹೇಳಿದಳು.

ಸೋಮವಾರ ಅವಳೇ ಹೊಲಿಗೆಯವಳ ದೂರನ್ನು ಬರೆದುಕೊಟ್ಟಳು: ನನ್ನ ವಿಳಾಸ ಬರೆದುಕೊಂಡ ವಕೀಲರೇ ಈಗ ನನ್ನ ಗಂಡನ ಪರ ಇದ್ದಾರೆ, ಅದು ಹೊರಗೆ ಹೋದದ್ದು ಹೇಗೆ ಎಂದು ಅವರ ಫೈಲು ನೋಡಿ ತನಿಖೆಯಾಗಬೇಕು. ಹೊಲಿಗೆಯವಳು ಎಡಗೈಯಲ್ಲಿ, ಮಗುವಿನ ಅಕ್ಷರದಲ್ಲಿ ರುಜು ಹಾಕಿದಳು. "ಇದರಿಂದ ಏನಾದ್ರೂ ಆಗುತ್ತಾ ಅಕ್ಕಾ?" ಎಂದು ಕೇಳಿದಳು. "ಆಗುತ್ತೆ," ಅಂದಳು ಅಕ್ಕ. ಹದಿನೆಂಟು ವರ್ಷದಲ್ಲಿ ಆ ಮಾತನ್ನು ಅಷ್ಟು ಗಟ್ಟಿಯಾಗಿ ಅವಳು ಯಾರಿಗೂ ಹೇಳಿರಲಿಲ್ಲ.

ನ್ಯಾಯಾಲಯದ ಅಪ್ಪಣೆ ಪಡೆದು ಗುರುವಾರ ಪೊಲೀಸರು ವಕೀಲನ ಕಪಾಟು ತೆಗೆಸಿದರು. ಹಾಳೆ ಸಿಕ್ಕಿತು. ತನ್ನ ಅಕ್ಷರ ನೋಡಿ ವಕೀಲನ ಮುಖ ಸುಣ್ಣದ ಹಾಗಾಯಿತು ಎಂದು ಟೀಚರಮ್ಮ ಯಾರಿಂದಲೋ ಕೇಳಿ ಬಂದು ಹೇಳಿದರು. ಟೈರಿನ ವ್ಯಾಪಾರಿ ಗಾಬರಿಬಿದ್ದು ರಾಜಿಗೆ ಜನ ಕಳಿಸಿದ. ಅಧ್ಯಕ್ಷರು ಫೋನು ಮಾಡಿ, "ನಿಮ್ಮ ಮಾತು ಆವತ್ತೇ ಕೇಳ್ಬೇಕಿತ್ತಮ್ಮಾ," ಅಂದರು. ಅಕ್ಕನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಆವತ್ತು ಮನೆಯಲ್ಲಿ ತಂಗಿ ತಟ್ಟೆ ಇಡುವ ಮೊದಲೇ ಗೋಡೆಗೆ ಒರಗಿ ನಿದ್ದೆಹೋದಳು.

ಶುಕ್ರವಾರ ತನಿಖಾಧಿಕಾರಿ ಮೂರು ಮಹಡಿ ಹತ್ತಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕಣ್ಣಲ್ಲಿ ನಿದ್ದೆಯಿಲ್ಲ. ಅಕ್ಕನಿಗೆ ನೋಡಿದ ಕೂಡಲೇ ತನ್ನವಳು ಅನ್ನಿಸಿತು. ಅಧಿಕಾರಿ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟಳು.

"ಇದೊಂದು ಮುಗಿಸ್ಬೇಕಿತ್ತು ಮೇಡಂ. ಆ ವಕೀಲರು ಹಾಳೆ ನೀವೇ ತಂದಿಟ್ಟಿದ್ದು ಅಂತಿದಾರೆ. ಶನಿವಾರ ಎರಡು ಗಂಟೆಗೆ ಫೈಲು ಪೂರ್ತಿ ನೋಡಿದ್ದೆ, ಹಾಳೆ ಇರ್ಲಿಲ್ಲ ಅಂತ ಅವರ ಗುಮಾಸ್ತ ಹೇಳ್ತಾನೆ. ಶನಿವಾರ ಸಂಜೆಯಿಂದ ಭಾನುವಾರ ಪೂರ್ತಿ ಆ ಕಟ್ಟಡದ ಗೇಟಿಗೇ ಬೀಗ, ಸೋಮವಾರದಿಂದ ಅವರಿಬ್ರೂ ಅಲ್ಲೇ ಇದ್ರು. ಅಂದ್ರೆ ಉಳಿಯೋದು ಶನಿವಾರ ಮಧ್ಯಾಹ್ನ."

"ಗುಮಾಸ್ತ ಅವರ ಕಡೆಯವನಲ್ವಾ," ಎಂದಳು ಅಕ್ಕ.

"ಅದಕ್ಕೇ ಕೇಳ್ತಿರೋದು. ನೀವು ಇಲ್ಲೇ ಇದ್ರಿ ಅಂತಾದ್ರೆ ಅವನ ಮಾತು ಅಲ್ಲಿಗೆ ಮುಗೀತು. ಇಲ್ಲ ಅಂತಾದ್ರೆ ಹಾಳೆಗೆ ಕವಡೆ ಕಿಮ್ಮತ್ತಿಲ್ಲ. ಆ ಹೆಣ್ಣುಮಗಳ ಕೇಸೂ ಅದರ ಜೊತೆಗೇ ಬಿದ್ದೋಗುತ್ತೆ."

ಅಕ್ಕ ರಿಜಿಸ್ಟರು ಮುಂದಿಟ್ಟಳು. ಹಳೇ ರಸೀತಿ ತೋರಿಸಿದಳು: ಎರಡು ಬೀಗದಕೈ, ವಾಪಸು. ಅಧಿಕಾರಿ ಫೋನು ಕಂಪನಿಯಿಂದ ತರಿಸಿದ, ಕರೆಯ ವೇಳೆ ಮತ್ತು ಟವರ್ ಮಾತ್ರ ಇದ್ದ ಒಂದು ಮಡಚಿದ ಕಾಗದ ತೆಗೆದು ರಿಜಿಸ್ಟರಿನ ಜೊತೆ ತಾಳೆ ನೋಡಿದಳು. ಕರೆಗಳ ವೇಳೆ ಸರಿಯಿತ್ತು, ಟವರ್ ಸರಿಯಿತ್ತು. ಅವಳ ಭುಜ ಸ್ವಲ್ಪ ಸಡಿಲವಾದದ್ದನ್ನು ಅಕ್ಕ ನೋಡಿದಳು.

"ಫೋನು ಮಾಡಿದವರಲ್ಲಿ ಒಬ್ಬಿಬ್ಬರ ಹತ್ರ ಮಾತಾಡ್ಬಹುದಾ? ಹೆಸರಿಗೆ ಒಂದು ಹೇಳಿಕೆ ಅಷ್ಟೆ. ನಿಮ್ಮಲ್ಲಿ ಅವರ ನಂಬರು ಯಾರಿಗೂ ಕೊಡಲ್ಲ ಅಂತಾರೆ. ಬೇಡ ಅಂದ್ರೂ ನನ್ನ ಒತ್ತಾಯ ಇಲ್ಲ. ಇಷ್ಟೇ ಸಾಕು ಅಂತ ಬರೀತೀನಿ."

ಬೇಡ ಎನ್ನಬಹುದಿತ್ತು. ನಿಯಮವೇ ಇತ್ತು. ಆದರೆ ಯಾರೂ ಅಲುಗಾಡಿಸಲಾಗದ ಹಾಗೆ ಇದು ಮುಗಿದುಹೋಗಲಿ, ಹೊಲಿಗೆಯವಳಿಗೆ ಮುಂದೆ ಯಾವ ವಕೀಲನೂ ಒಂದು ಎಳೆ ಹಿಡಿದು ಜಗ್ಗದಿರಲಿ ಎಂದು ಅಕ್ಕನಿಗೆ ಅನ್ನಿಸಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ, ನಂಬರುಗಳಿದ್ದ ಪುಟವನ್ನು ಹೊರಗಿನವರ ಕಡೆಗೆ ತಿರುಗಿಸಿದಳು. ಗ್ಯಾರೇಜಿನವನು ಫೋನು ಎತ್ತಿ, ಹೌದು, ಅಕ್ಕನೇ ಮಾತಾಡಿದ್ದು, ಅವರು ಹೇಳಿದ ಹಾಗೇ ಅರ್ಜಿ ಬರೆದೆ ಎಂದ. ಶಾಲೆಯ ತಾಯಿ ಎತ್ತಲಿಲ್ಲ. ಮೂರನೆಯ ನಂಬರಿಗೆ ಅಧಿಕಾರಿ ಸ್ಪೀಕರ್ ಹಾಕಿ, ಫೋನನ್ನು ಇಬ್ಬರ ನಡುವೆ ಇಟ್ಟು, ಪೆನ್ನು ತೆಗೆದುಕೊಂಡಳು.

"ಅಯ್ಯೋ, ಅವರಾ? ಬಂಗಾರದಂಥ ಹೆಂಗಸು," ಎಂದ ಮುದುಕ. "ಐದಾರು ನಿಮಿಷ ಎಷ್ಟು ಚೆನ್ನಾಗಿ ಮಾತಾಡಿದ್ರು! ಸೋಮವಾರ ಟೀಚರಮ್ಮನೂ ಕಾಗದ ಬರ್ಕೊಟ್ರು. ಆದ್ರೆ ಒಂದು ವಿಷಯ ನೀವಾದ್ರೂ ವಿಚಾರಿಸ್ಬೇಕು ತಾಯಿ, ಕೇಳೋಣ ಅಂತಿದ್ದೆ, ಮರೆತೇಹೋಯ್ತು. ಶನಿವಾರ ಫೋನು ಮಾತ್ರ ಅಂತ ನನಗೆ ತಿಳೀದು. ನೋಟೀಸು ಹಿಡ್ಕೊಂಡು ಮೂರು ಮಹಡಿ ಹತ್ತಿಬಿಟ್ಟಿದ್ದೆ. ನೋಡಿದ್ರೆ ಬೀಗ. ಪಕ್ಕದಲ್ಲೇ ಬೋರ್ಡಿನ ಮೇಲೆ ನಂಬರು ದಪ್ಪಕ್ಕೆ ಬರೆದಿದ್ರಲ್ಲ, ಅದನ್ನ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನ್ ಮಾಡ್ದೆ. ಒಳಗಡೆ ರಿಂಗೂ ಕೇಳ್ಸಲಿಲ್ಲ, ದನಿಯೂ ಕೇಳ್ಸಲಿಲ್ಲ. ಇಲ್ಲೇ ಇದೀನಿ, ಕುರ್ಚಿ ಬಿಟ್ಟು ಏಳೋ ಹಾಗಿಲ್ಲ ಅಂದ್ರು. ಹತ್ತು ನಿಮಿಷ ಕಾದು ಇಳಿದು ಹೋದೆ, ಆದ್ರೂ ಮನಸ್ಸು ತಡೀಲಿಲ್ಲ. ಬೀಗ ಹಾಕಿದ್ದು ಹೊರಗಡೆಯಿಂದ. ಅಂಥ ತಾಯಿನ ಯಾರಮ್ಮಾ ಒಳಗೆ ಕೂಡಿ ಹಾಕಿದ್ದು?"